ಮಾತೃಭಾಷೆಯಲ್ಲಿ ಮೂರು ನಿಮಿಷ

ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟಿನ ಹಿಂಭಾಗದಲ್ಲಿ, ಬೆಲ್ಟಿನ ಪಟ್ಟಿಯ ಮೇಲೆ, ಅಂಗೈ ಅರ್ಧದಷ್ಟು ಒಂದು ಚರ್ಮದ ತುಂಡು ಇರುತ್ತದೆ. ಹೊಲಿಗೆ ಘಟಕದವರು ಅದರ ಮೇಲೆ ತಮಗೆ ತೋಚಿದ ಹೆಸರು ಒತ್ತಿಸುತ್ತಾರೆ. ಕೆಲವರದು ಹುಲಿಯ ಹೆಸರು, ಕೆಲವರದು ಎಂದೂ ನೋಡದ ಅಮೆರಿಕದ ಊರಿನ ಹೆಸರು. ಅಂಥದೊಂದು ಸಣ್ಣ ಘಟಕದ ಅಶ್ಫಾಕ್ ತನ್ನ ಒಬ್ಬಳೇ ಮಗಳ ಹೆಸರು ಒತ್ತಿಸಿದ್ದ. ದೊಡ್ಡದಾಗಿ ಆಸ್ಫಿಯಾ, ಅದರ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ವೆಬ್‌ಸೈಟಿನ ವಿಳಾಸ. ವಿಳಾಸದಲ್ಲೂ ಅವಳದೇ ಹೆಸರು.

ಹೈಸ್ಕೂಲಿನಲ್ಲಿದ್ದಾಗ ಆಸ್ಫಿಯಾಗೆ ಅದೊಂದು ಹೆಮ್ಮೆ. ಕಾಲೇಜಿಗೆ ಬಂದ ಮೇಲೆ ಬಸ್ಸಿನಲ್ಲಿ ಅಪರಿಚಿತ ಗಂಡಸರ ಸೊಂಟದ ಮೇಲೆ ತನ್ನ ಹೆಸರು ಕಂಡರೆ ಕಿಟಕಿಯ ಕಡೆ ತಿರುಗುತ್ತಿದ್ದಳು. ಬಿ.ಎಡ್. ಮುಗಿದು ಸಿರುಗುಪ್ಪದ ಖಾಸಗಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕ ಬೇಸಿಗೆಯಲ್ಲಿ, ದುಡ್ಡು ಕಟ್ಟಿ ಉಳಿಸಿಕೊಳ್ಳಬೇಕಾದ ಆ ವಿಳಾಸದ ಅವಧಿ ಮುಗಿಯಿತು. ಯಾರೂ ನವೀಕರಿಸಲಿಲ್ಲ. ಇಂಥ ವಿಳಾಸದ ಹೆಸರು ಮಾರುವ ಕಂಪನಿ ಖಾಲಿಯಾದ ಜಾಗವನ್ನು ಜಾಹೀರಾತಿಗೆ ಕೊಟ್ಟಿತು. ಈಗ ಪ್ಯಾಂಟಿನ ಮೇಲಿನ ವಿಳಾಸವನ್ನು ಮೊಬೈಲಿನಲ್ಲಿ ಒತ್ತಿದರೆ ಬಟ್ಟೆಯಿಲ್ಲದ ಹೆಂಗಸರು ಬರುತ್ತಿದ್ದರು. ಪುಟದ ನೆತ್ತಿಯ ಮೇಲೆ ಶೀರ್ಷಿಕೆಯಂತೆ ಅವಳ ಹೆಸರು.

ಶಾಲೆಯ ಮುಖ್ಯೋಪಾಧ್ಯಾಯಿನಿ ಸುನಂದಾ ಫೋನಿನಲ್ಲಿ ಸಿಟ್ಟು ಮಾಡಲಿಲ್ಲ. 

"ನಮ್ಮ ಪಿ.ಟಿ. ಮಾಸ್ತರ್ರು ತೋರಿಸಿದ್ರವಾ. ಮಾಸ್ತರ್ರೇ ನೋಡ್ಯಾರ ಅಂದ್ರ ಹತ್ತನೇತ್ತೆ ಹುಡುಗ್ರು ಯಾವಾಗೋ ನೋಡಿರ್ತಾರ. ನಿನ್ನ ತಪ್ಪಲ್ಲ, ಗೊತ್ತೈತಿ. ಆದ್ರ ನೀ ಬೋರ್ಡ್ ಕಡೆ ತಿರುಗಿದಾಗ ಅವ್ರು ಏನ್ ನೆನಸ್ತಾರ ಹೇಳು. ಆ ಪುಟ ತಗಸು, ಆಮ್ಯಾಲ ಬಾ. ಜೂನ್ ಮುಗಿಯೋತನಕ ನಿನ್ನ ಜಾಗಕ್ಕ ಯಾರನ್ನೂ ತಗೊಳ್ಳಲ್ಲ."

ವೆಬ್‌ಸೈಟ್ ಮಾಡಿಕೊಟ್ಟವನು ಕುರುಗೋಡಿನ ಅಮರೇಶ್. ಆಗ ಡಿಪ್ಲೊಮಾ ಓದುತ್ತಿದ್ದ. ಪ್ಯಾಂಟು ಕೊಳ್ಳಲು ಬಂದವನು ಅಶ್ಫಾಕನ ಘಟಕದಲ್ಲಿ ಕೂತು ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿಸಿದ್ದ. ಈಗ ಅವನು ಬೇರೆ ಎತ್ತರದಲ್ಲಿದ್ದ. ಇಂಟರ್‌ನೆಟ್ಟಿನ ಹೆಸರುಗಳಿಗೆ ನಿಯಮ ಮಾಡುವ ಅಂತರರಾಷ್ಟ್ರೀಯ ಸಭೆಗಳಲ್ಲಿ ಹಿಂದುಳಿದ ಜಿಲ್ಲೆಗಳ ಪ್ರತಿನಿಧಿಯಾಗಿ ಮಾತನಾಡುತ್ತಿದ್ದ. ಒಮ್ಮೆ ವಿಮಾನ ಹತ್ತಿ ಹೋಗಿಯೂ ಬಂದಿದ್ದ. ಆ ಸಭೆಯಲ್ಲಿ ಕೊಟ್ಟ, ಹೆಸರಿನ ಚೀಟಿ ತೂಗುವ ಕೊರಳಪಟ್ಟಿ ಮನೆಯಲ್ಲಿ ಬಸವಣ್ಣನ ಫೋಟೋದ ಪಕ್ಕ ಮೊಳೆಗೆ ತೂಗುತ್ತಿತ್ತು.

ಅಪ್ಪ ಮಗಳು ಕುರುಗೋಡಿಗೆ ಹೋದ ದಿನ ಅಮರೇಶನ ತಾಯಿ ದಾಕ್ಷಾಯಣಮ್ಮ ಮಂಡಕ್ಕಿ, ಮಿರ್ಚಿ ಕೊಟ್ಟು, ಮೊದಲು ಆ ಕೊರಳಪಟ್ಟಿಯನ್ನೇ ತೋರಿಸಿದಳು. ಅಮರೇಶ್ ಮೊಬೈಲಿನಲ್ಲಿ ಪುಟ ತೆರೆದು ನೋಡಿದ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ.

"ಬಾಳ ದೊಡ್ಡ ಪ್ರೊಸೆಸ್ ಐತಿ ಕಾಕಾ. ಜಗತ್ತಿನ ಲೆವೆಲ್‌ನ್ಯಾಗ ಹೇಳಬೇಕು."

"ನನ್ನ ಕಡಿಂದ ಏನರ ತಪ್ಪಾತೇನಪಾ?" ಅಶ್ಫಾಕ್ ಕೇಳಿದ. 

ಅಮರೇಶ್ ಮಿರ್ಚಿಯ ತೊಟ್ಟು ತಟ್ಟೆಯ ಅಂಚಿಗಿಟ್ಟ. "ಅವಧಿ ಮುಗಿಯೂಕಿಂತ ಮೊದ್ಲ ನೋಟಿಸ್ ಬರ್ತಾವ ಕಾಕಾ. ಎಲ್ಲಾರ್ಗೂ ಬರ್ತಾವ." 

ಅಷ್ಟೇ ಅಂದ. ಅಶ್ಫಾಕ್ ತನ್ನ ಮೊಬೈಲನ್ನು ಜೇಬಿನ ಮೇಲಿಂದಲೇ ಮುಟ್ಟಿ ನೋಡಿಕೊಂಡ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಪ್ರತಿ ಮುಂಜಾನೆ ಮಷೀನಿನ ಮುಂದೆ ಕೂರುವ ಮುನ್ನ, ಬಟ್ಟೆಯ ಮೇಲಿನ ನೂಲಿನ ಚೂರು ಹೆಕ್ಕಿದಂತೆ, ಮೊಬೈಲಿನಲ್ಲಿನ ಇಂಗ್ಲಿಷ್ ಮೆಸೇಜುಗಳನ್ನೆಲ್ಲ ಒಂದೊಂದಾಗಿ ಅಳಿಸುತ್ತಿದ್ದ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಮೊಬೈಲನ್ನು ತೆಗೆದು ತೆಗೆದು ನೋಡಿದ. 

ಆಸ್ಫಿಯಾ ಸುಮ್ಮನೆ ಕೂರಲಿಲ್ಲ. ಹೆಸರು ಮಾರುವ ಕಂಪನಿಯ ಸಹಾಯವಾಣಿಗೆ ದಿನವೂ ಫೋನು ಮಾಡಿದಳು. ಕೊನೆಗೊಬ್ಬಳು ಹುಡುಗಿ ಕರಗಿದಳು.

"ನಾನು ಇದನ್ನು ಹೇಳಬಾರದು ಮೇಡಂ. ಅವಧಿ ಮುಗಿದ ಮೇಲೂ ಹಳೆಯ ಮಾಲೀಕರಿಗೆ ಬಿಡಿಸಿಕೊಳ್ಳೋಕೆ ಇನ್ನೂ ಸಮಯ ಇದೆ. ಈ ವಿಳಾಸ ಅಮರೇಶ್ ಸರ್ ಹೆಸರಲ್ಲಿದೆ, ಅವರು ಲಾಗಿನ್ ಆದರೆ ಎರಡು ನಿಮಿಷದ ಕೆಲಸ. ಅವರಿಗೆ ನಾವು ಎಷ್ಟೊಂದು ನೋಟಿಸ್ ಕಳಿಸಿದೀವಿ. ನೀವು ಅವರ ಮಿಸೆಸ್ಸಾ?"

ಅಮರೇಶನ ಕಚೇರಿ ಬಳ್ಳಾರಿಯ ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹೊರಕೋಣೆಯಲ್ಲಿತ್ತು. ಆಸ್ಫಿಯಾ ಒಬ್ಬಳೇ ಹೋದಳು. ನಿರಾಕರಿಸುತ್ತಾನೆ, ತಡವರಿಸುತ್ತಾನೆ ಎಂದುಕೊಂಡಿದ್ದಳು. ಅವನು ಕುರ್ಚಿ ತೋರಿಸಿದ.

"ಹೌದು, ನನ್ನ ಹೆಸರ್ಲೇ ಐತಿ. ನಿಮ್ಮಪ್ಪಗ ಇಮೇಲ್ ಇರಲಿಲ್ಲ, ನಂದು ಕೊಟ್ಟಿದ್ದೆ. ನೋಟಿಸ್ ಬಂದಿದ್ವು. ನೋಡ್ಲಿಲ್ಲ. ದಿನಾ ನೂರು ಬರ್ತಾವ."

"ಎರಡು ನಿಮಿಷದ ಕೆಲಸ ಅಂತ."

"ಒಂದೂವರಿ."

"ಮತ್ತ ಯಾಕ್ ಮಾಡವಲ್ರಿ?"

"ಗುರುವಾರ ಆ ಜಗತ್ತಿನ ಸಭಿಯೊಳಗ ಆನ್‌ಲೈನ್ ನಂದೊಂದು ಸೆಷನ್ ಐತಿ. ಅವಧಿ ಮೀರಿದ ಹೆಸರುಗಳು ಅಂತ ವಿಷಯ. ಲೈವ್ ತೋರಿಸ್ಬೇಕು ಆಸ್ಫಿಯಾ. ಗುಣ ಆದ ಗಾಯ ತೋರಿಸಿದ್ರ ಯಾರ್ ಅಳ್ತಾರ?" ಅವನು ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿದ. ಸ್ಲೈಡುಗಳು ಆಗಲೇ ಸಿದ್ಧವಾಗಿದ್ದವು. ನೋಟಿಸುಗಳು ಜನರ ಮಾತೃಭಾಷೆಯಲ್ಲಿ ಹೋಗಬೇಕು ಎಂಬುದು ಅವನ ಪ್ರಸ್ತಾಪ. ಮೂರನೆಯ ಸ್ಲೈಡಿನಲ್ಲಿ ಅಶ್ಫಾಕ್ ಮಷೀನಿನ ಮುಂದೆ ಕೂತ ಫೋಟೋ. "ನೀನೂ ಮಾತಾಡ್ಬೇಕು. ಮೂರು ನಿಮಿಷ. ನೋಟಿಸ್ ಅಪ್ಪಗ ಬಂದಿದ್ವು, ಓದಾಕ ಬರಲಿಲ್ಲ, ಅಳಿಸಿದ. ಅಷ್ಟ."

"ಸುಳ್ಳು."

"ನೋಟಿಸ್ ನನಗ ಬಂದಿದ್ವು ಅಂದ್ರ ಏನಾಗ್ತೈತಿ? ಇಂಗ್ಲಿಷ್ ಬಲ್ಲ ಹುಡುಗ ಸೋಮಾರಿ ಅಂತ ಆಗ್ತೈತಿ. ಸೋಮಾರಿಗಳ ಸಲುವಾಗಿ ಜಗತ್ತಿನ್ಯಾಗ ಯಾರೂ ಪಾಲಿಸಿ ಬರಿಯಲ್ಲ. ನಿಮ್ಮಪ್ಪನಂಥೋರು ಲಕ್ಷ ಮಂದಿ ಅದಾರ, ಅವ್ರಿಗೆ ಉಪಯೋಗ ಆಗ್ತೈತಿ."

"ಹಂಗಾದ್ರ ಅವ್ರಾಗ ಒಬ್ರನ್ನ ಕರೀರಿ."

"ಅವ್ರ ಹೆಸ್ರು ಮಂದಿ ಕುಂಡಿ ಮ್ಯಾಲ ಇಲ್ಲಲ್ಲ."

ಅವಳು ಎದ್ದಳು. ಬಾಗಿಲತನಕ ಹೋದಳು. ಅವನು ಕರೆಯಲಿಲ್ಲ, ಟೈಪ್ ಮಾಡುತ್ತಾ ಕೂತ. ಬಿಡಿಸಿಕೊಳ್ಳುವ ಸಮಯ ಶನಿವಾರಕ್ಕೆ ಮುಗಿಯುತ್ತದೆಂದು ಸಹಾಯವಾಣಿಯ ಹುಡುಗಿ ಹೇಳಿದ್ದಳು. ಆಮೇಲೆ ಆ ಹೆಸರು ಯಾರದಾದರೂ ಆಗಬಹುದಿತ್ತು, ಯಾವತ್ತಿಗೂ. 

"ಇಂಗ್ಲಿಷಿನ್ಯಾಗ ಹೇಳ್ತೀನಿ," ಎಂದಳು.

"ಚಲೋ ಆತು. ನೀ ಹೇಳಿ ಮುಗಿಸಿದ್ರ ಅವತ್ತ ಸಂಜೀಕ ಪುಟ ತಗೀತೀನಿ," ಎಂದ.

ಅವಳ ಲೆಕ್ಕ ಸರಳವಾಗಿತ್ತು. ಇಂಗ್ಲಿಷಿನಲ್ಲಿ ಆಡಿದ ಸುಳ್ಳು ಅಪ್ಪನ ಪಾಲಿಗೆ ಆಡಿದಂತೆಯೇ ಅಲ್ಲ. ಅದು ಅವನ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಸಂಜೆ ಪುಟ ಹೋಗುತ್ತದೆ, ಸೋಮವಾರ ಸಿರುಗುಪ್ಪದ ಬಸ್ಸು. ಅಪ್ಪನಿಗೆ ಏನೂ ತಿಳಿಯಬೇಕಿಲ್ಲ.

ಗುರುವಾರ ಮಧ್ಯಾಹ್ನ ಗಾಂಧಿನಗರದ ಕಂಪ್ಯೂಟರ್ ತರಗತಿಯೊಂದರ ಮೇಲ್ಮಹಡಿಯಲ್ಲಿ ಬ್ಯಾನರ್ ಕಟ್ಟಿದ್ದರು. ಅಮರೇಶನ ಗೆಳೆಯರು, ಕೆಲವು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಉಚಿತ ಸಮೋಸಾ. ಗೋಡೆಯ ಮೇಲಿನ ಪರದೆಯಲ್ಲಿ ಸಮುದ್ರದಾಚೆಯ ಯಾವುದೋ ಊರಿನ ದೊಡ್ಡ ಸಭಾಂಗಣ, ಅಂಚಿನಲ್ಲಿ ಹತ್ತಾರು ದೇಶಗಳ ಸಣ್ಣ ಸಣ್ಣ ಮುಖಗಳು. ಅಶ್ಫಾಕ್ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ. ಬರಬೇಡ ಎಂದು ಮಗಳು ಎಷ್ಟು ಹೇಳಿದರೂ ಕೇಳಿರಲಿಲ್ಲ. ಅಮರೇಶನೂ ಅವನನ್ನು ಮುಂದಿನ ಸಾಲಿಗೇ ಕೂರಿಸಿದ. "ಮುಖ ಕಾಣ್ಬೇಕು ಕಾಕಾ."

ಅಮರೇಶ್ ಚೆನ್ನಾಗಿ ಮಾತಾಡಿದ. ನಡುವೆ ಆ ವಿಳಾಸ ತೆರೆದ. ಪುಟ ಗೋಡೆಯಗಲ ಹರಡಿತು. ವಿದ್ಯಾರ್ಥಿಗಳಲ್ಲಿ ಒಬ್ಬ ಕೆಮ್ಮಿದ, ಇನ್ನೊಬ್ಬ ಆ ಕೆಮ್ಮಿಗೆ ನಕ್ಕ. ಅಶ್ಫಾಕ್ ತನ್ನ ಚಪ್ಪಲಿ ನೋಡುತ್ತಿದ್ದ. ಪರದೆಯ ಬದಿಯಲ್ಲಿ ಜಗತ್ತಿನ ಪ್ರತಿನಿಧಿಗಳ ಸಂದೇಶಗಳು ಒಂದರ ಮೇಲೊಂದು ಬಿದ್ದವು: ನಾನೂ ತೆರೆದೆ, ಭಯಂಕರ, ನಾನೂ ಈಗ ನೋಡಿದೆ. ಅಮರೇಶ್ ಪುಟವನ್ನು ಮುಚ್ಚದೆ ಪಕ್ಕಕ್ಕೆ ಸರಿಸಿದ. ಆಮೇಲೆ ಮೈಕಿಗೆ ಕೈ ಅಡ್ಡ ಹಿಡಿದು ಆಸ್ಫಿಯಾಳ ಕಡೆ ಬಾಗಿದ.

"ಕನ್ನಡದಾಗ ಹೇಳು. ನಾ ಅನುವಾದ ಮಾಡ್ತೀನಿ."

"ಇಂಗ್ಲಿಷ್ ಅಂತ ಮಾತಾಗಿತ್ತು."

"ಮಾತೃಭಾಷೆ ಬಗ್ಗೆ ಸೆಷನ್ ಇಟ್ಟು, ಕಾನ್ವೆಂಟ್ ಹುಡುಗಿಯಂಗ ಮಾತಾಡಿದ್ರ ಏನ್ ಉಳೀತು? ಅಧ್ಯಕ್ಷರಿಗೆ ಹೇಳಿಬಿಟ್ಟೀನಿ."

"ನಮ್ಮ ಅಬ್ಬಾ ಇಲ್ಲೇ ಕುಂತಾರ."

"ಗೊತ್ತೈತಿ."

ಅವನು ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ, ಗೋಡೆಗೆ ಕಾಣದ ಕಡೆ, ಇನ್ನೊಂದು ಪುಟ ತೆರೆದಿಟ್ಟಿದ್ದ. ಆಗಲೇ ಲಾಗಿನ್ ಆಗಿತ್ತು. ಬಾಣದ ಗುರುತು ಒಂದು ಹಸಿರು ಗುಂಡಿಯ ಮೇಲೆ ನಿಂತಿತ್ತು. ಅದನ್ನು ಅವಳಿಗೆ ತೋರಿಸಿ, ಹುಬ್ಬು ಏರಿಸಿದ.

ಆಸ್ಫಿಯಾ ಅಪ್ಪನ ಹತ್ತಿರ ಹೋಗಿ ಬಗ್ಗಿದಳು. "ಅಬ್ಬಾ, ಕೆಳಗ ಹೋಗಿ ಒಂದು ಚಾ ಕುಡದ್ ಬರ್ರಿ."

"ನೀ ಮಾತಾಡೂವಾಗ? ಹುಚ್ಚಿ ಅದಿಯೇನು?" ಅಶ್ಫಾಕ್ ನಕ್ಕ. "ಹೋಗು, ದೊಡ್ಡ ಮಂದಿ ಕಾಯಾಕತ್ಯಾರ."

ಪರದೆಯಲ್ಲಿ ಬಿಳಿಗೂದಲಿನ ಅಧ್ಯಕ್ಷೆ ಅವಳ ಹೆಸರನ್ನು ಕಷ್ಟಪಟ್ಟು ಹೇಳಿ, ಇಂದು ನಾವು ಆಕೆಯ ತಾಯ್ನುಡಿಯಲ್ಲಿ ಕೇಳುತ್ತೇವೆ ಎಂದರು. ಚಪ್ಪಾಳೆ. ಮೂಲೆಯಲ್ಲಿ ಕೆಂಪು ಅಂಕಿಗಳು ಇಳಿಯತೊಡಗಿದವು.

ಆಸ್ಫಿಯಾ ಅಮರೇಶನ ಪಕ್ಕಕ್ಕೆ ಬಂದು ನಿಂತಳು. ಬೇರೆ ಏನಾದರೂ ಹೇಳಬಹುದಿತ್ತು. ನಿಜವನ್ನೇ ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಅದಕ್ಕೆ ಬೇಕಾದದ್ದು ಎರಡು ವಾಕ್ಯ. ಆದರೆ ಮೈಕು, ಗುಂಡಿ ಎರಡೂ ಅಮರೇಶನ ಕೈಯಲ್ಲಿದ್ದವು. ಗೋಡೆಯ ಬದಿಯಲ್ಲಿ ಆ ಹೆಂಗಸರು ಇನ್ನೂ ಮಲಗಿದ್ದರು, ಅವಳ ಹೆಸರಿನ ಕೆಳಗೆ. ಅಂಕಿಗಳು ಇಳಿಯುತ್ತಿದ್ದವು. 

"ನೋಟಿಸ್ ನಮ್ಮ ಅಬ್ಬಾಗ ಬಂದಿದ್ವು," ಎಂದಳು.

ಅಮರೇಶ್ ಅನುವಾದಿಸಿದ.

"ಅವ್ರಿಗೆ ಇಂಗ್ಲಿಷ್ ಓದಾಕ ಬರಲ್ಲ. ನನಗ ತೋರಿಸ್ಲೂ ಇಲ್ಲ." ಒಮ್ಮೆ ಶುರುವಾದ ಮೇಲೆ ಮಾತು ತಾನೇ ನಡೆಯಿತು. ಒಳ್ಳೆಯ ಶಿಕ್ಷಕಿಯ ಹಾಗೆ ಅವಳು ಉದಾಹರಣೆಯನ್ನೂ ಕೊಟ್ಟಳು. "ದಿನಾ ಮುಂಜಾನಿ ಮಷೀನ್ ಮುಂದ ಕುಂತು ಇಂಗ್ಲಿಷ್ ಮೆಸೇಜ್ ಎಲ್ಲಾ ಅಳಿಸ್ತಾರ. ಬಟ್ಟಿ ಮ್ಯಾಲಿನ ನೂಲು ತಗದಂಗ. ನನ್ನ ಹೆಸರನ್ನೂ ಹಂಗ ಅಳಿಸಿಬಿಟ್ರು."

ಅಮರೇಶ್ ಪ್ರತಿ ಶಬ್ದವನ್ನೂ ನಿಷ್ಠೆಯಿಂದ ಅನುವಾದಿಸಿದ. ಎಲ್ಲಿಯೂ ಕೂಡಿಸಲಿಲ್ಲ, ಕಳೆಯಲಿಲ್ಲ. ನೂಲಿನ ಮಾತಿಗೆ ಸಭಾಂಗಣದಲ್ಲಿ ಮೆಲ್ಲಗೆ ನಗು ಹರಡಿ ಕೂಡಲೇ ನಿಂತಿತು. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಅಶ್ಫಾಕ್ ಎದ್ದು ನಿಂತಿದ್ದ. ಯಾರೂ ಅವನನ್ನು ಏಳಲು ಹೇಳಿರಲಿಲ್ಲ. ಕ್ಯಾಮೆರಾ ಎಲ್ಲಿದೆ ಎಂದು ತಿಳಿಯದೆ ಅವನು ಪರದೆಯ ಕಡೆಗೆ, ಆ ಪುಟದ ಕಡೆಗೆ, ಅಷ್ಟೂ ದೇಶಗಳ ಕಡೆಗೆ ಕೈ ಎತ್ತಿ ಹಣೆಗೆ ಮುಟ್ಟಿಸಿದ. 

"ಮಾಫ್ ಮಾಡ್ರಿ," ಎಂದ. "ನನಗ ಗೊತ್ತಾಗಲಿಲ್ಲ."

ಅದನ್ನೂ ಅಮರೇಶ್ ಅನುವಾದಿಸಿದ. ಸಮುದ್ರದಾಚೆಯ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಗಿಯುವ ಹೊತ್ತಿಗೆ ಒಂದು ಕಾರ್ಯತಂಡ ರಚಿಸಬೇಕೆಂದೂ, ಅಮರೇಶ್ ಅದರಲ್ಲಿರಬೇಕೆಂದೂ ತೀರ್ಮಾನವಾಗಿತ್ತು. 

ಅಮರೇಶ್ ಮಾತಿಗೆ ತಪ್ಪಲಿಲ್ಲ. ಪರದೆ ಆರಿಸಿದ ಕೂಡಲೇ ಹಸಿರು ಗುಂಡಿ ಒತ್ತಿದ. ಸಮೋಸಾ ತಿಂದು ಮುಗಿಸುವಷ್ಟರಲ್ಲಿ ಆಸ್ಫಿಯಾಳ ಮೊಬೈಲಿನಲ್ಲಿ ಆ ವಿಳಾಸ ಖಾಲಿ ಬಿಳಿಯ ಪುಟವಾಗಿತ್ತು. ಅವಳು ಸುನಂದಾಗೆ ತಿಳಿಸಿದಳು. ಸೋಮವಾರ ಬಾ ಎಂದು ಉತ್ತರ ಬಂತು. ಅಶ್ಫಾಕ್ ಅಮರೇಶನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮೆಟ್ಟಿಲು ಇಳಿಯುವಾಗ ಅವಳು ಹೇಳಿದಳು.

"ಅಬ್ಬಾ, ನಾ ಅಲ್ಲಿ ಹೇಳಿದ್ದು ಖರೇ ಅಲ್ಲ."

"ಯಾವ್ದು?"

"ನೋಟಿಸ್ ನಿಮಗ ಬಂದಿಲ್ಲ. ಅಮರೇಶಗ ಬಂದಿದ್ವು. ಆವ ನೋಡಿಲ್ಲ. ಹಂಗ ಹೇಳಿದ್ರ ಮಾತ್ರ ತಗೀತೀನಿ ಅಂದ, ಅದಕ್ಕ ಹೇಳಿದೆ."

ಅಶ್ಫಾಕ್ ನಿಂತು ಅವಳ ಮುಖ ನೋಡಿದ. ಆಮೇಲೆ ನಕ್ಕು ತಲೆ ಸವರಿದ. ಚಿಕ್ಕವಳಿದ್ದಾಗ ಬಿದ್ದು ಬಂದು ನೋವಾಗಿಲ್ಲ ಎಂದರೆ ಸವರುತ್ತಿದ್ದ ಹಾಗೆ.

"ನನಗ ಬ್ಯಾಸರ ಆಗಬಾರ್ದು ಅಂತ ಹೇಳ್ತಿ."

"ಇಲ್ಲ ಅಬ್ಬಾ. ಕಂಪನಿಯವ್ರಿಗೆ ಫೋನ್ ಹಚ್ಚಿ ಕೇಳ್ರಿ ಬೇಕಾದ್ರ."

"ಬೇಟಾ, ಅಷ್ಟ್ ಮಂದಿ ಮುಂದ, ಜಗತ್ತಿನ ಮುಂದ ಯಾರರ ಸುಳ್ಳು ಹೇಳ್ತಾರೇನು? ನಿನ್ನನ್ನ ಹಂಗ ಬೆಳೆಸೀನೇನು ನಾನು?" ಅವನು ಮತ್ತೆ ಇಳಿಯತೊಡಗಿದ. "ಕುರುಗೋಡಿನ್ಯಾಗ ಆ ಹುಡುಗ ಹೇಳಿದಾಗ್ಲೇ ನನಗ ಗೊತ್ತಾಗಿತ್ತು. ನಿನ್ನ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ. ಆವ ನೋಡು, ಪಾಪ, ನನ್ನ ತಪ್ಪನ್ನ ಎಷ್ಟ್ ಮರ್ಯಾದಿಯಿಂದ ಮುಚ್ಚಿಟ್ಟಿದ್ದ."

"ಅಬ್ಬಾ."

"ಆತು ಬಿಡು. ಅಮರೇಶಂದೇ ತಪ್ಪು. ಸಮಾಧಾನ ಆತಿಲ್ಲೋ?"

ಕೆಳಗೆ ತಿಪ್ಪೇಶನ ಚಹಾದ ಅಂಗಡಿಯಲ್ಲಿ ಅಂಗಡಿ ಸಾಲಿನ ನಾಲ್ಕೈದು ಜನ ಬೆಂಚಿನ ಮೇಲೆ ಕೂತಿದ್ದರು. ಅಶ್ಫಾಕ್ ಎಲ್ಲರಿಗೂ ಚಹಾ ಹೇಳಿದ. ಅವನ ದನಿ ಏರಿತ್ತು. 

"ತಿಪ್ಪೇಶ, ನನ್ನ ಮಗಳು ಇವತ್ತು ಜಗತ್ತಿನ ಮುಂದ ಮಾತಾಡಿದ್ಲು ಲೇ. ಇಂಗ್ಲಿಷಿನ್ಯಾಗಲ್ಲ, ಕನ್ನಡದಾಗ! ಬಿಳಿ ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ಒಬ್ಬಾಕಿ ಅತ್ತೇಬಿಟ್ಲು."

"ಹೌದೇನು ಚಾಚಾ? ಅಂಥಾದ್ದೇನ್ ಹೇಳಿದ್ಲು?"

"ಎಲ್ಲಾ ನನ್ನ ತಪ್ಪು ಅಂತ ಹೇಳಿದ್ಲು!" ಅಶ್ಫಾಕ್ ತೊಡೆ ತಟ್ಟಿಕೊಂಡು ನಕ್ಕ. ಬೆಂಚಿನವರೂ ನಕ್ಕರು. "ನನ್ನಂಥಾ ಓದು ಬರದ ಅನಪಢ್ ಮಂದಿ ಮನಿ ಮಕ್ಕಳ ಹೆಸರನ್ನ ಹೆಂಗ ಹಾಳ ಮಾಡ್ತೀವಿ ಅಂತ. ಏನ್ ಚಂದ ಹೇಳಿದ್ಲು ಅಂದ್ರ, ನನಗ ಹಂಗ ಹೇಳಾಕ ಬರಲ್ಲ." 

ಅವನು ಮಗಳ ಕಡೆ ತಿರುಗಿದ. ಕಣ್ಣುಗಳು ಒದ್ದೆಯಾಗಿದ್ದವು, ಬಾಯಿ ಇನ್ನೂ ನಗುತ್ತಿತ್ತು.

"ಹೇಳ್ ಬೇಟಾ. ಮ್ಯಾಲ ಹೇಳಿದಂಗ ಹೇಳು. ಇವ್ರೂ ಕೇಳ್ಲಿ."

ಬೆಂಚಿನ ಮೇಲಿದ್ದವರು ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ತಿಪ್ಪೇಶ ಸ್ಟೋವಿನ ಸದ್ದು ಇಳಿಸಿದ. ಆಸ್ಫಿಯಾ ಅಪ್ಪನನ್ನು ನೋಡಿದಳು. ಅವನು ಕಾಯುತ್ತಿದ್ದ.

ಅವಳು ಹೇಳಿದಳು. ನೋಟಿಸಿನಿಂದ ನೂಲಿನವರೆಗೂ ಅದೇ ಮಾತು, ಈ ಸಲ ಎಲ್ಲಿಯೂ ತಡವರಿಸಲಿಲ್ಲ.