ಇಪ್ಪತ್ತಾರು ಡಿಗ್ರಿ

ಕಿರುಗಾವಲಿನ ಹೊಂಬಾಳಮ್ಮನಿಗೆ ರೇಷ್ಮೆಹುಳುಮನೆಯ ಶಾಖ ನೋಡಲು ಯಾವ ಮಾಪಕವೂ ಬೇಕಿರಲಿಲ್ಲ. ಬಾಗಿಲಲ್ಲಿ ನಿಂತು ಮೊಳಕೈ ಒಡ್ಡಿದರೆ ಸಾಕು, ಕಿಟಕಿ ತೆಗೆಯಬೇಕೋ ಕೆಂಡ ಇಡಬೇಕೋ ಗೊತ್ತಾಗುತ್ತಿತ್ತು. ಅಂಥ ಮನೆಗೆ ಶಾಖ ಅಳೆದು ಹೀಟರನ್ನು ತಾನೇ ಹಾಕಿ ಆರಿಸುವ ಮಿಷನ್ನು ತಂದು ಕೂರಿಸಿದವಳು ಅವಳ ಅಣ್ಣನ ಮಗಳು ರಂಜಿತ. ಮದ್ದೂರಿನ ಸಣ್ಣ ಕಂಪನಿಯೊಂದರಲ್ಲಿ ಆ ಮಿಷನ್ನಿನ ಕರ್ನಲ್ಲು, ಅಂದರೆ ಒಳಗೆ ಎಲ್ಲರಿಗಿಂತ ಮೊದಲು ಎದ್ದು ಉಳಿದದ್ದನ್ನೆಲ್ಲ ಎಬ್ಬಿಸುವ ಪ್ರೋಗ್ರಾಮು, ಬರೆದವಳೂ ಅವಳೇ. ಓದಿದವರಿಗೆ ತಮ್ಮ ವಿದ್ಯೆಯನ್ನು ಮೊದಲು ಮನೆಯವರ ಮೇಲೇ ಪ್ರಯೋಗ ಮಾಡುವ ಚಪಲ ಇರುತ್ತದಲ್ಲ, ಹಾಗೆ.

ಕಾರ್ತೀಕದಲ್ಲಿ ಇಟ್ಟ ಹುಳುವಿನ ಬೆಳೆ ಪೂರ್ತಿ ಸತ್ತುಹೋಯಿತು. ಹುಳು ಸಾಯುವಾಗಲೂ ಮಿಷನ್ನು ಇಪ್ಪತ್ತಾರು ಡಿಗ್ರಿ ಅಂತಲೇ ತೋರಿಸುತ್ತಿತ್ತಂತೆ. ರಂಜಿತ ಅದನ್ನು ಮದ್ದೂರಿಗೆ ಹೊತ್ತು ತಂದು ನೂರು ಸಲ ಆಫ್ ಮಾಡಿ ಆನ್ ಮಾಡಿ ನೋಡಿದಳು. ನೂರು ಸಲವೂ ಸರಿಯಿತ್ತು. ತಪ್ಪು ಹುಳು ತಿಂದ ಹಿಪ್ಪುನೇರಳೆ ಸೊಪ್ಪಿನದೇ ಇರಬೇಕೆಂದು ವಾಪಸು ಕೊಟ್ಟಳು. ನಿನ್ನ ಮೊಳಕೈಗಿಂತ ಇದನ್ನು ನಂಬು ಅತ್ತೆ ಅಂತ ಬುದ್ಧಿ ಬೇರೆ ಹೇಳಿದಳು. ಹೊಂಬಾಳಮ್ಮ ಚಳಿಗಾಲಕ್ಕೆ ಇನ್ನೊಂದು ಬೆಳೆ ಇಟ್ಟಳು. ಇದೂ ಹೋದರೆ, ಮದುವೆಯಾಗಿ ಬಂದ ವರ್ಷ ತಾನೇ ನೆಟ್ಟ ಹಿಪ್ಪುನೇರಳೆ ತೋಟವನ್ನು ಬೇರುಸಹಿತ ಕಿತ್ತುಬಿಡುತ್ತೇನೆ ಅಂದಿದ್ದಳು. ಆಡಿದ್ದನ್ನು ಮಾಡದೆ ಬಿಡುವ ಹೆಂಗಸಲ್ಲ ಅವಳು.

ಭಾನುವಾರ ರಂಜಿತ ಫೋನು ಮಾಡಿದಾಗ ಹೊಂಬಾಳಮ್ಮ ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ ಅಂದಳು. ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು ಅಲ್ಲಾಡದೆ ಕೂರುವುದನ್ನು ಆ ಕಡೆ ಜ್ವರ ಅನ್ನುತ್ತಾರೆ. ಆಗ ಸದ್ದಾಗಬಾರದು ಅಂತ ಮಿಷನ್ನಿನ ಸ್ವಿಚ್ಚು ತೆಗೆದಿದ್ದೇನೆ, ಪ್ರತಿ ಜ್ವರಕ್ಕೂ ಹಾಗೇ ಮಾಡುವುದು, ಬೆಳಗ್ಗೆ ಹುಳು ಎದ್ದ ಮೇಲೆ ಹಾಕುತ್ತೇನೆ ಅಂದಳು. ರಂಜಿತ ಹೂಂ ಅಂದು ಫೋನಿಟ್ಟಳು.

ಸೋಮವಾರ ಆಫೀಸಿಗೆ ಹೋದವಳು ಶನಿವಾರದಿಂದ ಆಫಾಗಿದ್ದ ಅಂಥದೇ ಮಿಷನ್ನೊಂದನ್ನು ಆನ್ ಮಾಡಿ, ಸುಮ್ಮನೆ ಬಿಸಿ ಟೀ ಲೋಟವನ್ನು ಅದಕ್ಕೆ ಒತ್ತಿ ಹಿಡಿದಳು. ಇಪ್ಪತ್ತಾರು. ಅಂಕಿ ಕದಲಲಿಲ್ಲ. ಕಳ್ಳ ಸಿಕ್ಕಿಬಿದ್ದ ಅಂತ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಕರ್ನಲ್ಲು ಎದ್ದ ಕೂಡಲೆ ಮೆಮೊರಿಯಲ್ಲಿ ಯಾವ ಜಾಗ ಖಾಲಿ, ಯಾವುದು ಯಾರಿಗೆ ಮೀಸಲು ಎಂದು ನಕ್ಷೆ ಬರೆದುಕೊಳ್ಳಬೇಕು. ಬರೆಯುವ ಮುಂಚೆ ಸ್ಲೇಟು ಒರೆಸಬೇಕು. ಒರೆಸುವುದನ್ನೇ ಅವಳು ಮರೆತಿದ್ದಳು. ಆಫ್ ಮಾಡಿ ತಕ್ಷಣ ಆನ್ ಮಾಡಿದರೆ ಹಳೆಯ ಸರಿಯಾದ ನಕ್ಷೆಯೇ ಅಳಿಯದೆ ಉಳಿದು ತಪ್ಪು ಮುಚ್ಚಿಹೋಗುತ್ತಿತ್ತು. ದಿನವಿಡೀ ಆಫ್ ಇದ್ದರೆ ಅಲ್ಲಿ ಬರೀ ಕಸ. ಕೆಲವು ಸಲ ಅದೃಷ್ಟಕ್ಕೆ ನಡೆದುಹೋಗುತ್ತಿತ್ತು, ಇಲ್ಲದಿದ್ದರೆ ಶಾಖದ ಅಂಕಿ ಬಂದು ಸೇರಬೇಕಾದ ಜಾಗ ಇನ್ಯಾರದೋ ಪಾಲಾಗಿ, ಅವಳೇ ಮೊದಲು ಬರೆದಿಟ್ಟಿದ್ದ ಇಪ್ಪತ್ತಾರೇ ನಿಂತುಬಿಡುತ್ತಿತ್ತು. ಇಪ್ಪತ್ತಾರು ದಾಟಿದರೆ ಮಾತ್ರ ಆರಬೇಕಿದ್ದ ಹೀಟರು ಉರಿಯುತ್ತಲೇ ಇರುತ್ತಿತ್ತು.

ನಾಲ್ಕು ಸಾಲು ಸೇರಿಸಿ ಸರಿಮಾಡಿದಳು. ಬೆಳಗ್ಗೆ ಸ್ವಿಚ್ಚು ಹಾಕುತ್ತೇನೆ ಅಂದಿದ್ದ ಅತ್ತೆ ನೆನಪಾದದ್ದು ಆಮೇಲೆ. ಆ ನಾಚಿಕೆ ಅವಳನ್ನು ಸಾಯುವ ತನಕ ಬಿಡುವುದಿಲ್ಲ. ಫೋನು ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಹುಳುಮನೆಗೆ ಹೋಗುವಾಗ ಹೊಂಬಾಳಮ್ಮ ಫೋನನ್ನು ಜಗಲಿಯಲ್ಲೇ ಇಟ್ಟು ಹೋಗುತ್ತಾಳೆ. ರಂಜಿತ ಮಳವಳ್ಳಿ ಬಸ್ಸು ಹಿಡಿದಳು, ಅಲ್ಲಿಂದ ಇನ್ನೊಂದು.

ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ತಟ್ಟೆಗಳ ತುಂಬ ಹುಳು ಮೆತ್ತಗಾಗಿ ಬಿದ್ದಿದ್ದವು. ಹೊಂಬಾಳಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಸೆಕೆ ಅನ್ಸಿತ್ತು ಕಣವ್ವ," ಅಂದಳು. "ಎರಡು ಸಲ ಕಿಟಕಿ ತೆಗೆಯಕ್ಕೆ ಎದ್ದೆ. ಮಿಷನ್ ನೋಡುದ್ರೆ ಇಪ್ಪತ್ತಾರು ಅಂತಿತ್ತು. ಓದಿರೋ ಮಗ ಯೋಳವ್ಳೆ, ನನ್ ಕೈಗೇ ವಯಸ್ಸಾಗದೆ ಅಂದ್ಕೊಂಡು ಕೂತ್ಕಂಡೆ."

ರಂಜಿತ ತಂದಿದ್ದ ಹೊಸ ಪ್ರೋಗ್ರಾಮನ್ನು ಹಾಕಿ ಮಿಷನ್ನು ಆನ್ ಮಾಡಿದಳು. ಹೊಂಬಾಳಮ್ಮ ಬಾಗಿಲಲ್ಲಿ ನಿಂತು ಅಭ್ಯಾಸದಂತೆ ಮೊಳಕೈ ಒಡ್ಡಿದಳು, ಆಮೇಲೆ ಹಿಂದಕ್ಕೆ ಎಳೆದುಕೊಂಡಳು.

"ಎಷ್ಟದೆ ನೋಡವ್ವ."

"ಮೂವತ್ತೆಂಟು ಅತ್ತೆ."

ಹೊಂಬಾಳಮ್ಮ ತಲೆಯಾಡಿಸಿ, ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡು ತೋಟದ ಕಡೆ ಹೋದಳು.