ತಾಮ್ರದ ವಾಷರ್

ಶಶಿಕಾಂತ್ ಮತ್ತೊಮ್ಮೆ ಚಾವಿ ತಿರುಗಿಸಿದ. ಎಂಜಿನ್ ಗರಗರ ತಿರುಗಿತು, ಹೊತ್ತಿಕೊಳ್ಳಲಿಲ್ಲ. ತೆರೆದ ಟೆಂಪೋದ ಮೇಲೆ, ಹೂವಿನಿಂದ ಕಟ್ಟಿದ ಶವಯಾತ್ರೆಯ ವಿಮಾನದಲ್ಲಿ ಕೂರಿಸಿದ್ದ ಕಾಡಪ್ಪನ ದೇಹ ಆ ನಡುಕಕ್ಕೆ ಅಲುಗಿ ನಿಂತಿತು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಹೊಸ ಬಿಳಿ ಶಾಲು. ಡೊಂಬಿವಲಿಯಲ್ಲಿ ಡೀಸೆಲ್ ಗಾಡಿಗಳನ್ನು ರಿಪೇರಿ ಮಾಡುತ್ತಲೇ ಮುದುಕನಾದವನು ಇಂದು ಕೆಟ್ಟ ಗಾಡಿಯ ಮೇಲೆ ಕುಳಿತಿದ್ದ.

"ಬ್ಯಾಟರಿ ಬರಾಬರ್ ಅದ, ಡೀಸೆಲ್ ಟಾಕಿ ಫುಲ್ ಅದ," ಎಂದ ಗಾಡಿಯ ಮಾಲೀಕ ಶಶಿಕಾಂತ್. "ಮತ್ಯಾಕ ಚಾಲೂ ಆಗವಲ್ದು?"

"ಕಡೀಕ ಕೈ ಹಾಕಿದವ ಯಾರು?" ನೆರೆಮನೆಯ ಮಾನಪ್ಪ ಹೌಸಿಂಗ್ ಸೊಸೈಟಿಯ ಗೇಟಿನಿಂದಲೇ ಕೇಳಿದ.

"ಇನ್ಯಾರು? ಕಾಡಪ್ಪ. ಹೋದ ವಾರ."

"ಹಂಗಾರ ತನ್ನ ಗಾಡಿ ತಾನ ನಿಲ್ಲಿಸ್ಯಾನ ಬಿಡು. ಹೋಗಾಕ ಮನಸ್ಸಿಲ್ಲ."

ಯಾರೋ ನಕ್ಕು, ಕೂಡಲೇ ಕೆಮ್ಮಿದರು. ಹಿಂದೆ ರಿಕ್ಷಾದವನು ಗಾಡಿ ಬದಿಗೆ ಸರಿಸೆಂದು ಮರಾಠಿಯಲ್ಲಿ ಕೂಗುತ್ತ ಹಾರ್ನ್ ಒತ್ತಿದ: "ಅರೆ ಭಾವೂ, ಗಾಡಿ ಬಾಜೂಲಾ ಘ್ಯಾ ನಾ!"

"ವಯಸ್ಸಾಗಿತ್ತು," ಎಂದ ಶಶಿಕಾಂತ್. "ಕೈ ತಪ್ಪಿರಬೇಕು."

ಕಾಡಪ್ಪನ ತಮ್ಮ ಚನ್ನು ತಲೆ ಎತ್ತಲಿಲ್ಲ. ಗಾಡಿ ರುದ್ರಭೂಮಿಯ ದಾರಿಯಲ್ಲಿ ನಿಲ್ಲಬಾರದೆಂದು ನಸುಕಿನಲ್ಲಿ, ಯಾರಿಗೂ ಹೇಳದೆ, ಡೀಸೆಲ್ ಫಿಲ್ಟರ್ ಬದಲಿಸಿದವನು ಅವನು. ಪೈಪಿನ ಬೋಲ್ಟಿನ ಸಂದು ಬಿಗಿಯಾಗಿ ಮುಚ್ಚಲು ಹೊಸ ತಾಮ್ರದ ವಾಷರ್ ಬೇಕಿತ್ತು. ಹೊಸವು ಅಣ್ಣನ ಚಾವಿಗೊಂಚಲಿನಲ್ಲಿದ್ದವು. ಗೊಂಚಲು ಅತ್ತಿಗೆಯ ಸೆರಗಿನ ಗಂಟಿನಲ್ಲಿತ್ತು. ಅಳುತ್ತಿದ್ದವಳನ್ನು ಕೇಳಲು ಬಾಯಿ ಬಾರದೆ ಹಳೆಯದನ್ನೇ ತಿರುವಿ ಹಾಕಿದ್ದ. ಹೊರಗೆ ಹನಿ ಜಿನುಗದಿದ್ದುದನ್ನು ಕಂಡು ಸರಿಹೋಯಿತೆಂದುಕೊಂಡಿದ್ದ. ಈಗ ಆ ಸಂದಿನಿಂದ ಗಾಳಿ ಒಳಹೊಕ್ಕು, ಎಂಜಿನ್ನಿಗೆ ಡೀಸೆಲ್ ಮುಟ್ಟುತ್ತಿರಲಿಲ್ಲ.

*

ಹಿಂದೊಮ್ಮೆ ಚನ್ನುವಿನ ಇಂಥದೇ ತಪ್ಪಿಗೆ ಟೊಮೇಟೊ ಲಾರಿಯೊಂದು ಶೀಳ್‌ಫಾಟಾ ರಸ್ತೆಯ ಬಿಸಿಲಿನಲ್ಲಿ ನಿಂತುಬಿಟ್ಟಿತ್ತು. ಲಾರಿಯ ಮಾಲೀಕ ಅಣ್ಣನ ಗ್ಯಾರೇಜಿಗೆ ಬಂದು ಕೂಗಾಡುವಾಗ ಚನ್ನು ಬೇರೊಂದು ಗಾಡಿಯ ಅಡಿಯಿಂದ ಹೊರಬರಲಿಲ್ಲ.

"ತಪ್ಪ ನಂದರೀ ಸಾವ್ಕಾರ್ರ," ಎಂಬ ಅಣ್ಣನ ದನಿ ಕೇಳಿಸಿತು.

ಕಾಡಪ್ಪ ತಮ್ಮನನ್ನು ಬೈಯಲಿಲ್ಲ. ಮರುದಿನ ಚಾವಿಗೊಂಚಲಿಗೆ ಹೊಸ ವಾಷರುಗಳನ್ನು ಪೋಣಿಸಿ, "ಬೇಕಾದಾಗ ಕೇಳು," ಎಂದಷ್ಟೇ ಅಂದ.

*

ಚನ್ನು ಅತ್ತಿಗೆ ರತ್ನಾಬಾಯಿಯ ಮುಂದೆ ಹೋಗಿ ನಿಂತ. "ವೈನಿ, ಅಣ್ಣನ ಚಾವಿ ಕೊಡ್ರಿ."

ಅವಳು ಸೆರಗಿನ ಗಂಟು ಬಿಚ್ಚಿದಳು. ವಾಷರುಗಳನ್ನು ನೋಡಿದಳು, ಮೈದುನನ ಮುಖ ನೋಡಿದಳು.

"ಮುಂಜಾನೇನ ಕೇಳಬಾರದಿತ್ತೇನಪಾ?"

ಅವನು ವಾಷರ್ ಬದಲಿಸಿ, ಕೈಪಂಪು ಒತ್ತುತ್ತ, ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗುವವರೆಗೆ ಗಾಳಿ ತೆಗೆದ. ಶಶಿಕಾಂತ್ ಚಾವಿ ತಿರುಗಿಸಿದ. ಎಂಜಿನ್ ಹೊತ್ತಿಕೊಂಡಿತು.

"ಶಭಾಷ್!" ಎಂದ ಮಾನಪ್ಪ. "ಅಣ್ಣ ಕೆಡಿಸಿದ್ದನ್ನ ತಮ್ಮ ಸುಧಾರಿಸಿದ."

"ಅಣ್ಣ ಕೆಡಿಸಿಲ್ಲ." ಚನ್ನು ಶಶಿಕಾಂತನ ಕಡೆ ತಿರುಗಿದ. "ಇವತ್ತ ಫಿಲ್ಟರ್ ಹಾಕಿದವ ನಾನು. ತಪ್ಪ ನಂದು."

ಶಶಿಕಾಂತ್ ಕೆಳಗಿಳಿದು ಬಂದು ಅವನ ಬೆನ್ನು ತಟ್ಟಿದ. "ಥೇಟ್ ಕಾಡಪ್ಪ! ಅವನೂ ಹಿಂಗ, ಯಾರ ಏನ ಮಾಡಿದ್ರೂ 'ತಪ್ಪ ನಂದು' ಅಂತಿದ್ದ. ಇರಲಿ ಬಿಡೋ, ಸತ್ತವನ ಮ್ಯಾಲೆ ಯಾರಿಗೂ ಸಿಟ್ಟಿಲ್ಲ."

"ಖರೇನ ಹೇಳಾಕತ್ತೀನಿ—"

"ಗೊತ್ತದ, ಗೊತ್ತದ. ಗಾಡಿ ಹತ್ತು, ಟೈಮ್ ಆತು."

ದೇಹ ವಾಲದಂತೆ ಹಿಂದಿನಿಂದ ಹಿಡಿದು ಕೂರಬೇಕಾದವನು ತಮ್ಮನೇ. ಚನ್ನು ಹತ್ತಿ ಕುಳಿತು ಅಣ್ಣನ ಹೆಗಲು ಹಿಡಿದ. ಕೈ ತೆಗೆದು ನೋಡಿದಾಗ, ಬಿಳಿ ಶಾಲಿನ ಮೇಲೆ ಡೀಸೆಲ್ ಜಿಡ್ಡಿನ ಐದು ಕಪ್ಪು ಬೆರಳುಗಳು ಮೂಡಿದ್ದವು.

ಕೆಳಗೆ ನಿಂತಿದ್ದ ರತ್ನಾಬಾಯಿ ಅದನ್ನು ಕಂಡಳು. ಗಾಡಿ ಹೊರಡುವ ಮೊದಲು ಕೈ ಚಾಚಿ, ಗಂಡನ ಕೊರಳಿನ ಚೆಂಡುಹೂವಿನ ಹಾರವನ್ನು ಆ ಕಲೆಯ ಮೇಲಕ್ಕೆ ಎಳೆದಳು.