ದೊಡ್ಡಮ್ಮ ತೊಟ್ಟಿಯಲ್ಲೇ ಬಿಟ್ಟ ಬಾಟಲಿ

ಆ ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ ಜೀವಕೋಶ ಬೆಳೆಸುವ ಕೋಣೆಯೊಂದಿತ್ತು. ಅದರ ಒಡತಿ ದೊಡ್ಡಮ್ಮ. ಒಡತಿ ಅಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ, ಕಾಗದದ ಪ್ರಕಾರ ಆಕೆ ಹಿರಿಯ ತಂತ್ರಜ್ಞೆ, ಅಷ್ಟೆ. ಆದರೆ ಇಪ್ಪತ್ತೆರಡು ವರ್ಷದಿಂದ ಆ ಕೋಣೆಯ ಬೀಗದ ಕೈ ಆಕೆಯ ಬಿಳಿ ಕೋಟಿನ ಜೇಬಿನಲ್ಲೇ ಇತ್ತು. ವಿಭಾಗದ ಮುಖ್ಯಸ್ಥರಾದ ಪ್ರೊಫೆಸರೇ ಬಂದರೂ ಬಾಗಿಲಲ್ಲಿ ನಿಂತು, "ಒಳಗೆ ಬರಲಾ ದೊಡ್ಡಮ್ಮ?" ಅಂತ ಕೇಳಿಯೇ ಕಾಲಿಡುತ್ತಿದ್ದರು.

ಕ್ಯಾನ್ಸರ್ ಕೋಶಗಳನ್ನು ಸಾಕಿ ಬೆಳೆಸುವುದು ಆಕೆಯ ಉದ್ಯೋಗ. ಕೇಳಿದವರು ಹೌಹಾರುತ್ತಿದ್ದರು. ಕೊಲ್ಲುವ ದಾರಿ ಹುಡುಕಬೇಕಾದರೆ ಮೊದಲು ಅವು ಬದುಕಿ ಕೈಗೆ ಸಿಗಬೇಕಲ್ಲ! ದಿನಾ ಬೆಳಿಗ್ಗೆ ಮೀಡಿಯಂ ಎಂಬ ಕೆಂಪು ದ್ರವದ ಬಾಟಲಿಯನ್ನು ತಣ್ಣನೆ ಜಾಗದಿಂದ ತೆಗೆಯಬೇಕು, ಬಿಸಿನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಇಟ್ಟು ಮೈ ಬಿಸಿಗೆ ತರಬೇಕು, ಕೋಶಗಳಿಗೆ ಉಣಿಸಬೇಕು, ಉಳಿದದ್ದನ್ನು ತಕ್ಷಣ ತಣ್ಣಗೆ ಇಟ್ಟುಬಿಡಬೇಕು. ತೊಟ್ಟಿಯಲ್ಲೇ ಬಿಟ್ಟರೆ ಅದರೊಳಗಿನ ಪೋಷಕಾಂಶಗಳು ಹಾಳಾಗುತ್ತವೆ. ಹಾಗೆ ಮರೆತು ಬಿಟ್ಟುಹೋದವರ ಬೆವರಿಳಿಸದೆ ದೊಡ್ಡಮ್ಮ ಬಿಡುತ್ತಿರಲಿಲ್ಲ. ಒಮ್ಮೆ ಎಲ್ಲಿಂದಲೋ ಬಂದಿದ್ದ ದೊಡ್ಡ ವಿಜ್ಞಾನಿಯೊಬ್ಬರನ್ನು ಬಾಟಲಿ ಕೈಯಲ್ಲಿ ಹಿಡಿಸಿ ಹತ್ತು ನಿಮಿಷ ನಿಲ್ಲಿಸಿ ಬೈದದ್ದನ್ನು ಇಡೀ ಕಟ್ಟಡ ಇಂದಿಗೂ ನೆನೆದು ನಗುತ್ತದೆ.

ಆ ಕೋಣೆಯಲ್ಲಿ ಆಕೆಯ ಜೊತೆ ಹೆಚ್ಚು ಹೊತ್ತು ಕಳೆಯುತ್ತಿದ್ದವಳು ಪುಟ್ಟಿ. ಮೂರು ವರ್ಷದ ಹಿಂದೆ ಪಿಎಚ್.ಡಿ. ಮಾಡಲು ಬಂದ ಹುಡುಗಿ. ಹೆಸರು ಬೇರೆ ಇದೆ, ಆದರೆ ದೊಡ್ಡಮ್ಮ ಪುಟ್ಟಿ ಅಂದ ಮೇಲೆ ಅದೇ ಹೆಸರಾಯಿತು. ಕ್ಯಾನ್ಸರ್ ಕೋಶ ಅಂದರೆ ಹೊಟ್ಟೆಬಾಕ, ಸಕ್ಕರೆಯನ್ನು ಗಬಗಬ ತಿಂದು ಬೆಳೆಯುತ್ತದೆ. ಆ ಸಕ್ಕರೆಯನ್ನು ಬಳಸಿಕೊಳ್ಳಲು ಅದಕ್ಕೆ ಒಂದು ಕಿಣ್ವ ಬೇಕು. ಅದನ್ನು ಕಟ್ಟಿಹಾಕುವ ಮದ್ದೊಂದರ ಹಿಂದೆ ಪುಟ್ಟಿ ಬಿದ್ದಿದ್ದಳು. ಎರಡೂವರೆ ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಕೋಶ ಬೆಳೆಸುವ ಪ್ಲೇಟುಗಳಲ್ಲಿ ಕ್ಯಾನ್ಸರ್ ಕೋಶಗಳು ಸತ್ತು ತೇಲಿದವು. ಪಕ್ಕದ ಪ್ಲೇಟುಗಳಲ್ಲಿ ಆರೋಗ್ಯವಂತ ಕೋಶಗಳು ಮದ್ದು ಕುಡಿದೂ ಹಾಯಾಗಿದ್ದವು. ಮತ್ತೆ ಮಾಡಿದಳು, ಮತ್ತೆ ಸತ್ತವು. ಮೂರನೇ ಸಲವೂ ಸತ್ತವು. ಪುಟ್ಟಿ ದೊಡ್ಡಮ್ಮನನ್ನು ಹಿಡಿದುಕೊಂಡು ಕೋಣೆಯಲ್ಲೇ ಗಿರಗಿರ ತಿರುಗಿದಳು.

ನಾಲ್ಕನೇ ಸಲ ಸಾಯಲಿಲ್ಲ. ಐದನೇ ಸಲವೂ ಇಲ್ಲ. ಆರು, ಏಳು, ಊಹೂಂ. ಮದ್ದು ಸುರಿದಷ್ಟೂ ಕೋಶಗಳು ಮದುವೆಮನೆಯಲ್ಲಿ ಉಂಡೆದ್ದವರ ಹಾಗೆ ದುಂಡಗಾದವು. ಪುಟ್ಟಿ ಹೊಸ ಮದ್ದು ತರಿಸಿದಳು, ನೀರು ಬದಲಿಸಿದಳು, ಕಡೆಗೆ ಮೊದಲ ಮೂರು ಸಲ ಹಾಕಿಕೊಂಡಿದ್ದ ನೀಲಿ ಅಂಗಿಯನ್ನೇ ದಿನಾ ಹಾಕಿಕೊಂಡು ಬರತೊಡಗಿದಳು. ಹೀಗೆ ಎರಡು ತಿಂಗಳು ಕಳೆಯಿತು. ಪ್ರೊಫೆಸರು ಒಳ್ಳೆಯವರೇ, ಆದರೆ ಎಷ್ಟು ದಿನ ಅಂತ ಕಾಯುತ್ತಾರೆ? "ಈ ತಿಂಗಳ ಕೊನೆಯೊಳಗೆ ಆ ಫಲಿತಾಂಶ ಮತ್ತೆ ಬರದಿದ್ರೆ ಈ ಮದ್ದನ್ನ ಬಿಟ್ಟುಬಿಡೋಣಮ್ಮ. ಬೇರೆ ವಿಷಯ ಕೊಡ್ತೀನಿ," ಅಂದರು. ಬೇರೆ ವಿಷಯ ಅಂದರೆ ಮೂರು ವರ್ಷ ನೀರಿಗೆ ಹೋದ ಹಾಗೆ.

ಆ ಸೋಮವಾರ ಪುಟ್ಟಿ ಕೋಣೆಯ ರಿಜಿಸ್ಟರು ತೆಗೆದುಕೊಂಡು ಕುಳಿತಳು. ಅದು ದೊಡ್ಡಮ್ಮ ಬರೆಯುವ ದಪ್ಪ ಪುಸ್ತಕ. ಯಾವ ಬಾಟಲಿ ಎಷ್ಟು ಹೊತ್ತಿಗೆ ಹೊರಗೆ ಬಂತು, ಎಷ್ಟು ಹೊತ್ತಿಗೆ ಒಳಗೆ ಹೋಯಿತು, ಎಲ್ಲ ಅದರಲ್ಲಿರುತ್ತದೆ.

"ಮೊದಲಿಗೂ ಈಗಿಗೂ ಏನೋ ಒಂದು ವ್ಯತ್ಯಾಸ ಇರಲೇಬೇಕಲ್ವಾ ದೊಡ್ಡಮ್ಮ?" ಅನ್ನುತ್ತಾ ಒಂದೊಂದೇ ಸಾಲು ಓದಿದಳು. "ಒಂಬತ್ತಕ್ಕೆ ಹೊರಗೆ, ಒಂಬತ್ತು ನಲವತ್ತಕ್ಕೆ ಒಳಗೆ. ಒಂಬತ್ತಕ್ಕೆ ಹೊರಗೆ, ಒಂಬತ್ತು ನಲವತ್ತಕ್ಕೆ ಒಳಗೆ. ಒಂದು ನಿಮಿಷನೂ ಆಚೀಚೆ ಇಲ್ಲ. ನೀವಂತೂ ಗಡಿಯಾರವೇ ಬಿಡಿ!"

ದೊಡ್ಡಮ್ಮನ ಎದೆ ಧಸಕ್ಕೆಂದಿತು. ಹೊಗಳಿಕೆ ಕೇಳಿ ಅಲ್ಲ.

ನಡೆದದ್ದು ಇಷ್ಟು. ನಾಲ್ಕು ತಿಂಗಳ ಹಿಂದೆ ಕೋಣೆಯ ಫ್ರಿಜ್ಜು ಕೆಟ್ಟಿತ್ತು. ಹೊಸದು ಬರಲು ಆರು ವಾರ ಹಿಡಿಯಿತು. ಅಲ್ಲಿಯವರೆಗೆ ಬಾಟಲಿಗಳನ್ನು ನೆಲಮಹಡಿಯ ಶೀತಕೋಣೆಯಲ್ಲಿ ಇಡಬೇಕಾಯಿತು. ಹಳೇ ಕಟ್ಟಡ, ಲಿಫ್ಟಿಲ್ಲ. ದೊಡ್ಡಮ್ಮನ ಎರಡೂ ಮಂಡಿಗಳು ಆಗಲೇ ಮುಷ್ಕರ ಹೂಡಿದ್ದವು. ಮಂಡಿ ನೋವು ಅಂತ ಬಾಯಿಬಿಟ್ಟರೆ ಪಾಪ ಅಂದು ಯಾವುದೋ ಮೇಜಿನ ಮುಂದೆ ಕೂರಿಸಿಬಿಡುತ್ತಾರೆ, ಕೋಣೆ ಕೈತಪ್ಪುತ್ತದೆ ಎಂಬ ಭಯ. ಮೊದಲ ವಾರ ಹಲ್ಲುಕಚ್ಚಿ ಹತ್ತಿಳಿದಳು. ಎರಡನೇ ವಾರದಿಂದ ಸೋಮವಾರ ಒಂದೇ ಸಲ ಬಾಟಲಿ ತಂದು, ಗುರುವಾರದವರೆಗೂ ಬಿಸಿನೀರಿನ ತೊಟ್ಟಿಯ ಮೂಲೆಯಲ್ಲೇ ಬಿಟ್ಟಳು. ಯಾರು ಮಾಡಿದ್ದರೂ ಚರ್ಮ ಸುಲಿಯುತ್ತಿದ್ದ ಕೆಲಸವನ್ನು ತಾನೇ ಮಾಡಿದಳು. ರಿಜಿಸ್ಟರಿನಲ್ಲಿ ಮಾತ್ರ ಕೈ ತನ್ನ ಪಾಡಿಗೆ ಬರೆಯುತ್ತಾ ಹೋಯಿತು: ಒಂಬತ್ತಕ್ಕೆ ಹೊರಗೆ, ಒಂಬತ್ತು ನಲವತ್ತಕ್ಕೆ ಒಳಗೆ.

ಪುಟ್ಟಿಯ ಕೋಶಗಳು ಸತ್ತದ್ದು ಆ ವಾರಗಳಲ್ಲೇ. ಹೊಸ ಫ್ರಿಜ್ಜು ಬಂತು, ದೊಡ್ಡಮ್ಮ ಮತ್ತೆ ದಾರಿಗೆ ಬಂದಳು, ಕೋಶಗಳು ಸಾಯುವುದನ್ನು ನಿಲ್ಲಿಸಿದವು. ಆಕೆಗೆ ಅರ್ಥವಾದದ್ದು ಒಂದೇ. ಆ ಹುಡುಗಿಯ ಮದ್ದಿಗೆ ಯಾವ ಶಕ್ತಿಯೂ ಇಲ್ಲ, ಅವಳು ಕುಣಿದಾಡಿದ ಆ ಮೂರು ಗೆಲುವುಗಳು ತನ್ನ ಹಳಸಲು ಮೀಡಿಯಂನ ಪ್ರತಾಪ. ಹೇಳಿದರೆ ತನ್ನ ಮಾನ ಹೋಗುತ್ತದೆ, ಅವಳ ಆಸೆಯೂ ಮಣ್ಣಾಗುತ್ತದೆ. ಹೇಳದಿದ್ದರೆ ಆ ಮಗು ಇನ್ನೂ ಎಷ್ಟು ದಿನ ನೀಲಿ ಅಂಗಿ ಹಾಕಿಕೊಂಡು ಬರಬೇಕು?

ಸಂಜೆ ಮನೆಯಲ್ಲಿ ಊಟದ ತಟ್ಟೆ ಮುಂದೆ ಆಕೆ ಸುಮ್ಮನೆ ಕೂತಳು. ಯಜಮಾನರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ಸುಮ್ಮನಿದ್ದರೆ ಇಂಜಿನ್ನಿನಲ್ಲಿ ಏನೋ ಕೆಟ್ಟಿದೆ ಅಂತ ಅವರಿಗೆ ಗೊತ್ತು.

"ಏನೇ ಅದು? ಯಾರನ್ನಾದ್ರೂ ಬೈಯೋದು ಬಾಕಿ ಉಳೀತಾ?"

ಆಕೆ ಎಲ್ಲವನ್ನೂ ಹೇಳಿದಳು. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು.

"ಮಂಡಿ ನೋವು ಅಂತ ನನ್ನ ಹತ್ರಾನೂ ಹೇಳಲಿಲ್ಲ ನೀನು," ಅಂದರು.

"ಅದಲ್ಲರೀ ಈಗ ವಿಷಯ."

"ಅದೇ ವಿಷಯ ಕಣೇ. ನೋವು ಅಂತ ಒಂದು ಮಾತು ಆವತ್ತೇ ಆಡಿದ್ರೆ ಇಷ್ಟು ದೂರ ಬರ್ತಿತ್ತಾ? ಈಗ್ಲಾದ್ರೂ ಹೋಗಿ ಹೇಳು. ಬೈದ್ರೆ ಬೈಸ್ಕೋ. ನಿಂಗೂ ಒಂದು ಸಲ ಗೊತ್ತಾಗಲಿ, ಬೈಸ್ಕೊಂಡವರಿಗೆ ಹೇಗಿರುತ್ತೆ ಅಂತ."

ಆಕೆಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅವರು ತಟ್ಟೆಯನ್ನು ಆಕೆಯ ಹತ್ತಿರ ಸರಿಸಿದರು.

ಮರುದಿನ ಬೆಳಿಗ್ಗೆ ಪ್ರೊಫೆಸರ ಕೋಣೆಯಲ್ಲಿ, ಪುಟ್ಟಿಯ ಎದುರಿಗೇ ಹೇಳಿದಳು. ಸುತ್ತಿಬಳಸದೆ ಹೇಳಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರೂ ಮಾತು ಎರಡು ಸಲ ಸುತ್ತಿತು. ರಿಜಿಸ್ಟರು ಸುಳ್ಳು ಅನ್ನುವ ಮಾತನ್ನು ಕೊನೆಗೆ ಉಳಿಸಿಕೊಂಡಳು. ಆದರೂ ಹೇಳಿದಳು.

ಪುಟ್ಟಿಯ ಮುಖ ಕೆಂಪಾಯಿತು. "ಎರಡು ತಿಂಗಳು ದೊಡ್ಡಮ್ಮ! ಎರಡು ತಿಂಗಳು ನಾನು ಮನೆಗೆ ಹೋಗಿ ಅಳ್ತಿದ್ದೆ. ನನ್ನ ಕೈಯೇ ಸರಿಯಿಲ್ಲ ಅನ್ಕೊಂಡಿದ್ದೆ. ಆ ಪುಸ್ತಕಾನ ದೇವರ ಹಾಗೆ ನಂಬಿದ್ದೆ!" ಅಂದವಳು ಬಾಗಿಲು ದಡಾರನೆ ಎಳೆದುಕೊಂಡು ಹೊರಟೇ ಹೋದಳು.

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. "ರಿಜಿಸ್ಟರು ಇನ್ನುಮುಂದೆ ಒಬ್ಬರೇ ಬರೆಯೋದು ಬೇಡ. ಎರಡು ಸಹಿ ಇರಲಿ. ಬೀಗದ ಕೈ ಇನ್ನೊಂದು ಮಾಡಿಸ್ತೀನಿ, ಅದು ಅವಳ ಹತ್ರ ಇರುತ್ತೆ," ಅಂದರು. ದೊಡ್ಡಮ್ಮ ತಲೆಯಾಡಿಸಿದಳು. ಏಟು ನ್ಯಾಯವಾದದ್ದೇ, ಆದರೆ ನೋಯದೆ ಇರುತ್ತದೆಯೇ?

ಆಕೆ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಪುಟ್ಟಿ ಎದುರಿನಿಂದ ಓಡಿಬಂದಳು. ಕೈಯಲ್ಲಿ ಅವಳದೇ ನೋಟುಪುಸ್ತಕ.

"ಬನ್ನಿ, ಬನ್ನಿ, ಸಾರ್ ಹತ್ರ ಬನ್ನಿ!" ಅಂತ ದೊಡ್ಡಮ್ಮನ ತೋಳು ಹಿಡಿದು ಎಳೆದುಕೊಂಡೇ ಹೋದಳು. "ಸಾರ್, ಹಳಸಿದ ಮೀಡಿಯಂ ಕೊಂದಿದ್ರೆ ಎಲ್ಲಾನೂ ಕೊಲ್ಲಬೇಕಿತ್ತಲ್ವಾ? ಮದ್ದು ಹಾಕದ ಪ್ಲೇಟುಗಳಿಗೂ ಅದೇ ಬಾಟಲಿದೇ ಹಾಕಿದ್ದು. ನೋಡಿ, ಅಲ್ಲಿ ಕ್ಯಾನ್ಸರ್ ಕೋಶ ಒಂದೂ ಸತ್ತಿಲ್ಲ. ಬರೀ ಮೀಡಿಯಂ ಕೊಲ್ಲಲ್ಲ, ಬರೀ ಮದ್ದೂ ಕೊಲ್ಲಲ್ಲ. ಎರಡೂ ಸೇರಿದ್ರೆ ಮಾತ್ರ!"

ಪ್ರೊಫೆಸರು ಎದ್ದು ನಿಂತರು. "ನಾಲ್ಕು ದಿನ ಬಿಸಿಯಲ್ಲಿದ್ರೆ ಮೊದಲು ಹಾಳಾಗೋ ಪೋಷಕಾಂಶ ಯಾವುದು?"

"ಗ್ಲುಟಮಿನ್," ಅಂದದ್ದು ದೊಡ್ಡಮ್ಮ. ಅದನ್ನೇ ಹೇಳಿ ಇಪ್ಪತ್ತೆರಡು ವರ್ಷ ಜನರನ್ನು ಬೈದವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ?

ಆಮೇಲೆ ಆ ಕೋಣೆಯಲ್ಲಿ ಮೂವರೂ ಒಟ್ಟಿಗೆ ಮಾತಾಡಿದರು. ಮದ್ದು ಸಕ್ಕರೆಯ ದಾರಿ ಮುಚ್ಚುತ್ತದೆ. ಆಗ ಹೊಟ್ಟೆಬಾಕ ಕೋಶ ಹಿತ್ತಿಲ ಬಾಗಿಲಿನಿಂದ ಗ್ಲುಟಮಿನ್ ತರಿಸಿಕೊಂಡು ಬದುಕುತ್ತದೆ. ಹಳೇ ಬಾಟಲಿಯಲ್ಲಿ ಗ್ಲುಟಮಿನ್ ಸವೆದುಹೋಗಿತ್ತು, ಹಿತ್ತಿಲ ಬಾಗಿಲೂ ಮುಚ್ಚಿತ್ತು. ಹೌದಿರಬಹುದು. ಆದರೆ ಇರಬಹುದು ಅನ್ನುವುದನ್ನು ಯಾರು ಕೇಳುತ್ತಾರೆ? ತೋರಿಸಬೇಕು. ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು.

ನಾಲ್ಕು ಬಾಟಲಿ ತಯಾರಾದವು. ಒಂದು ತಾಜಾ. ಒಂದು ನಾಲ್ಕು ದಿನ ತೊಟ್ಟಿಯಲ್ಲಿಟ್ಟದ್ದು. ಒಂದು ತಾಜಾ, ಆದರೆ ಗ್ಲುಟಮಿನ್ ಕಡಿಮೆ ಹಾಕಿದ್ದು. ಕೊನೆಯದು ತೊಟ್ಟಿಯಲ್ಲಿಟ್ಟು, ಆಮೇಲೆ ಗ್ಲುಟಮಿನ್ ಮತ್ತೆ ತುಂಬಿದ್ದು. ಒಂದೊಂದಕ್ಕೂ ಮೂರು ಪ್ಲೇಟು, ಹನ್ನೆರಡಕ್ಕೂ ಮದ್ದು. ಲೆಕ್ಕಾಚಾರ ಸರಿಯಿದ್ದರೆ ಮೊದಲನೆಯದರಲ್ಲೂ ಕೊನೆಯದರಲ್ಲೂ ಕೋಶಗಳು ಬದುಕಬೇಕು, ನಡುವಿನ ಎರಡರಲ್ಲಿ ಸಾಯಬೇಕು.

ಎಣಿಸುವ ದಿನ ಬಂತು. ಎಣಿಸುವವರಿಗೆ ಯಾವ ಪ್ಲೇಟು ಯಾವುದು ಅಂತ ಗೊತ್ತಿರಬಾರದು, ಗೊತ್ತಿದ್ದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. ಪುಟ್ಟಿ ಎಲ್ಲ ಗುರುತುಗಳ ಮೇಲೆ ಟೇಪು ಅಂಟಿಸಿ, ಪ್ಲೇಟುಗಳನ್ನು ಅದಲುಬದಲು ಮಾಡಿ, ಒಂದರಿಂದ ಹನ್ನೆರಡು ಅಂತ ಬರೆದಳು.

"ಯಾರು ಎಣಿಸ್ತಾರೆ? ಮೇಲಿನ ಮಹಡಿಯಿಂದ ಯಾರನ್ನಾದ್ರೂ ಕರೆಸಲಾ?" ಅಂದರು ಪ್ರೊಫೆಸರು.

"ಬೇಡ ಸಾರ್. ದೊಡ್ಡಮ್ಮನೇ ಎಣಿಸಲಿ."

ದೊಡ್ಡಮ್ಮ ಬೆಚ್ಚಿದಳು. "ನಾನಾ? ಇಷ್ಟೆಲ್ಲ ಆದ ಮೇಲೂ?"

"ಯಾರೂ ಹಿಡಿಯದಿದ್ದ ತಪ್ಪನ್ನ ತಾವಾಗೇ ಬಂದು ಒಪ್ಪಿಕೊಂಡವರು ಈ ಕಟ್ಟಡದಲ್ಲಿ ಇನ್ನೊಬ್ಬರಿದ್ರೆ ಹೇಳಿ, ಅವರನ್ನ ಕರೀತೀನಿ," ಅಂದಳು ಪುಟ್ಟಿ. ಅವಳ ದನಿಯಲ್ಲಿ ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು. ಆದರೂ ಕುರ್ಚಿ ಎಳೆದುಕೊಟ್ಟಳು.

ದೊಡ್ಡಮ್ಮ ಸೂಕ್ಷ್ಮದರ್ಶಕದ ಮುಂದೆ ಕೂತಳು. ಸತ್ತ ಕೋಶ ನೀಲಿ ಬಣ್ಣ ಕುಡಿಯುತ್ತದೆ, ಬದುಕಿದ್ದು ಕುಡಿಯದೆ ಹೊಳೆಯುತ್ತದೆ. ನೂರರಲ್ಲಿ ಬದುಕಿದ್ದೆಷ್ಟು ಅಂತ ಹೇಳಬೇಕು, ಅಷ್ಟೆ. ಒಂದನೇ ಪ್ಲೇಟು, ತೊಂಬತ್ತು. ಎರಡನೆಯದು, ಹನ್ನೊಂದು. ಮೂರನೆಯದು, ಎಂಬತ್ತಾರು. ಆಕೆ ಹೇಳುತ್ತಾ ಹೋದಳು, ಪುಟ್ಟಿ ಬರೆಯುತ್ತಾ ಹೋದಳು. ಒಂದೋ ತುಂಬಾ, ಇಲ್ಲ ತುಂಬಾ ಕಡಿಮೆ. ಇದು ಶುಭಲಕ್ಷಣ ಅಂತ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಪುಟ್ಟಿಯ ಉಸಿರು ಆಕೆಯ ಕಿವಿಗೇ ಕೇಳುತ್ತಿತ್ತು.

ಎಂಟನೆಯದಕ್ಕೆ ಬಂದಾಗ ದೊಡ್ಡಮ್ಮನ ಕೈ ನಿಂತಿತು. ಇದು ಎರಡೂ ಅಲ್ಲ. ಅರ್ಧ ನೀಲಿ, ಅರ್ಧ ಹೊಳಪು. ಕೆಲವು ಕೋಶಗಳಂತೂ ಅಂಚಿನಲ್ಲಿ ಮಾತ್ರ ಚೂರು ನೀಲಿ ತಾಗಿದ ಹಾಗಿದ್ದವು. ಅವನ್ನು ಸತ್ತವುಗಳ ಪಾಲಿಗೆ ಹಾಕಿದರೆ ಇಪ್ಪತ್ತೈದಕ್ಕೆ ಇಳಿಯುತ್ತಿತ್ತು, ನೋಡಲು ಚೆನ್ನಾಗಿರುತ್ತಿತ್ತು, ಯಾರೂ ಕೇಳುತ್ತಲೂ ಇರಲಿಲ್ಲ. ಈ ಹುಡುಗಿಗೆ ತಾನು ಅಷ್ಟಾದರೂ ಕೊಡಬೇಕು ಅಂತ ಆಕೆಗೆ ಅನ್ನಿಸಿತು. ತುಂಬಾ ಅನ್ನಿಸಿತು. ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು, ಮೊದಲಿನಿಂದ ಮತ್ತೊಮ್ಮೆ ಎಣಿಸಿದಳು.

"ನಲವತ್ತೊಂದು," ಅಂದಳು.

ಪುಟ್ಟಿಯ ಪೆನ್ನು ಒಂದು ಗಳಿಗೆ ತಡೆಯಿತು. "ನಲವತ್ತೊಂದಾ?"

"ನಲವತ್ತೊಂದೇ ಕಣೇ. ಬರಿ."

ಬರೆದಳು. ಉಳಿದ ನಾಲ್ಕೂ ಮುಗಿದವು. ಪ್ರೊಫೆಸರು ತಾವೇ ಒಂದೊಂದಾಗಿ ಟೇಪು ಕಿತ್ತರು. ತಾಜಾ ಬಾಟಲಿಯ ಮೂರರಲ್ಲೂ ಕೋಶಗಳು ಬದುಕಿದ್ದವು. ಗ್ಲುಟಮಿನ್ ಕಡಿಮೆ ಮಾಡಿದ ಮೂರರಲ್ಲೂ ಸತ್ತಿದ್ದವು. ತೊಟ್ಟಿಯಲ್ಲಿಟ್ಟು ಗ್ಲುಟಮಿನ್ ಮತ್ತೆ ತುಂಬಿದ್ದರಲ್ಲಿ ಮೂರೂ ಬದುಕಿದ್ದವು. ಬರೀ ತೊಟ್ಟಿಯಲ್ಲಿಟ್ಟದ್ದರಲ್ಲಿ ಹನ್ನೊಂದು, ಒಂಬತ್ತು, ಮತ್ತೆ ಆ ನಲವತ್ತೊಂದು.

ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಮದ್ದು ಸುಳ್ಳಾಗಿರಲಿಲ್ಲ. ಮನುಷ್ಯರ ತನಕ ಹೋಗಲು ಇನ್ನೂ ಎಷ್ಟೋ ವರ್ಷ ಬೇಕು, ಅದು ಮೂವರಿಗೂ ಗೊತ್ತಿತ್ತು. ಆದರೆ ಎರಡು ಬಾಗಿಲು ಒಟ್ಟಿಗೆ ಮುಚ್ಚಿದರೆ ಕ್ಯಾನ್ಸರ್ ಕೋಶ ಸಾಯುತ್ತದೆ ಅನ್ನುವುದು ಇವತ್ತಿನಿಂದ ಗೊತ್ತಾದಂತಾಯಿತು.

"ಆ ಒಂದು ಯಾಕೆ ಹಾಗಾಯ್ತೋ," ಅಂದಳು ದೊಡ್ಡಮ್ಮ, ತಪ್ಪು ತನ್ನದೇ ಎಂಬಂತೆ ಮುಖ ಚಿಕ್ಕದು ಮಾಡಿಕೊಂಡು. "ಅದೊಂದು ಸರಿಯಾಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಪ್ರೊಫೆಸರು ಆ ಹಾಳೆಯನ್ನು ಕೈಗೆತ್ತಿಕೊಂಡು ಮೇಲಿನಿಂದ ಕೆಳಗೆ ಓದಿದರು. "ಯಾಕೆ ಅಂತ ಮುಂದಿನ ವಾರ ಹುಡುಕೋಣ," ಅಂದರು. "ಆದ್ರೆ ಒಂದು ಮಾತು ದೊಡ್ಡಮ್ಮ. ಈ ನಲವತ್ತೊಂದು ಇರೋದಕ್ಕೇ ಉಳಿದ ಹನ್ನೊಂದು ಪ್ಲೇಟಿನ ಎಣಿಕೆಯನ್ನೂ ನಾನು ಕಣ್ಣುಮುಚ್ಚಿ ನಂಬ್ತಾ ಇದೀನಿ."

ಪುಟ್ಟಿ ಹಾಳೆಯ ಕೆಳಗೆ ತನ್ನ ಸಹಿ ಹಾಕಿ, ಪೆನ್ನನ್ನು ದೊಡ್ಡಮ್ಮನ ಕೈಗೆ ಕೊಟ್ಟಳು.